ತೆರೆದ ಗಣಿ: ಯೋಜನಾ ವರದಿಯಲ್ಲಿ ಕಾಣದ ವೆಚ್ಚ

ತೆರೆದ ಗಣಿ ಆರಂಭಿಸಲು ಉದ್ದೇಶಿಸಿದ ಉದ್ಯಮಿಗಳ ಯೋಜನಾ ವರದಿಗಳಲ್ಲಿ ಯಂತ್ರೋಪಕರಣ, ಸಾಗಾಣಿಕೆ, ರಾಜಧನ, ಬಡ್ಡಿಗಳ ಲೆಕ್ಕ ಪೈಸೆಯವರೆಗೂ ಇರುತ್ತದೆ. ಪರಿಸರ ಹಾಗೂ ಸುರಕ್ಷತೆಯ ವೆಚ್ಚ ಮಾತ್ರ ‘ಇತರೆ’ ಬಾಬ್ತಿನಲ್ಲಿ ಅಡಗಿರುತ್ತದೆ.

ಇದರ ಪರಿಣಾಮವನ್ನು ಬಳ್ಳಾರಿ ಕಂಡಿದೆ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಮರುತಿಂಗಳು ಚಿತ್ರದುರ್ಗ, ತುಮಕೂರುಗಳಿಗೂ ಆದೇಶ ವಿಸ್ತರಿಸಿತು. ಅಕ್ರಮವಿಲ್ಲದ ಅಥವಾ ಅಲ್ಪ ಅಕ್ರಮದ ಗಣಿಗಳು ಸಹ ಭೂ ಪುನಶ್ಚೇತನ ಯೋಜನೆಯ ಷರತ್ತಿಗೆ ಒಳಪಟ್ಟೇ ಪುನರಾರಂಭವಾಗಬೇಕಾಯಿತು. ಹೂಳು ತಡೆಯುವ ಚೆಕ್ ಡ್ಯಾಂ, ತ್ಯಾಜ್ಯ ದಿಬ್ಬಗಳ ಬುಡಕ್ಕೆ ತಡೆಗೋಡೆ ಮುಂತಾದವನ್ನು ಆದಾಯವಿದ್ದಾಗಲೇ ಕಟ್ಟಬಹುದಿತ್ತು. ಗಣಿ ನಿಂತಾಗ ಸಾಲದ ಬಡ್ಡಿಯಂತೂ ನಿಲ್ಲುವುದಿಲ್ಲವಷ್ಟೆ.

ಸುರಕ್ಷತೆಯ ಲೆಕ್ಕವೂ ಇಂಥದೇ. ಗರಸು, ಜೇಡಿ ಮುಂತಾದ ಸಡಿಲ ಮಣ್ಣಿನಲ್ಲಿ ಬದಿಯ ಇಳಿಜಾರು 45 ಡಿಗ್ರಿ ಮೀರಬಾರದು, ಇಲ್ಲವೇ 1.5 ಮೀಟರ್ ಮೀರದ ಮೆಟ್ಟಿಲುಗಳಾಗಿ ಅಗೆಯಬೇಕೆಂದು 1961ರ ಗಣಿ ನಿಯಮಾವಳಿ ವಿಧಿಸಿತು. ಮೆಟ್ಟಿಲು ಬಿಟ್ಟಷ್ಟೂ ದೊರೆಯುವ ಖನಿಜ ಕಡಿಮೆಯಾಗುವುದು ನಿಜ. ಆ ಪ್ರಮಾಣವನ್ನು ಲಾಭದ ಅಂದಾಜಿನಿಂದ ಮೊದಲೇ ಕಳೆಯಬೇಕು.

ಗಣಿ ಮುಚ್ಚುವ ವೆಚ್ಚವನ್ನು ಕೊನೆಯ ವರ್ಷಕ್ಕೆ ಬಿಟ್ಟರೆ, ಅಂದು ಮಾರಲು ಖನಿಜವೇ ಉಳಿದಿರುವುದಿಲ್ಲ. ಅಗೆತದೊಡನೆಯೇ ಹುಟ್ಟುವ ಈ ಬಾಧ್ಯತೆಗೆ ಲೆಕ್ಕಪತ್ರ ಮಾನದಂಡ 29ರನ್ವಯ ಅವಕಾಶ ಕಲ್ಪಿಸಿ, ಮಾರಿದ ಪ್ರತಿ ಟನ್ನಿಗೆ ಇಂತಿಷ್ಟೆಂದು ಪ್ರತ್ಯೇಕ ಠೇವಣಿಯಲ್ಲಿ ಇರಿಸುತ್ತ ಬರುವುದು ಸೂಕ್ತ.