ಹಂದರ ಹಾಕಿದ ಮೇಲೆ ಎದ್ದ ಗುಳ್ಳಿ

ವೈಶಾಖದ ಬಿಸಿಲು ಸೇಡಂ ತಾಲ್ಲೂಕಿನ ಮೇಲೆ ಮುಂಜಾನೆ ಒಂಬತ್ತಕ್ಕೇ ಬಂದು ಕೂತುಬಿಡುತ್ತದೆ. ಆಡಕಿಯ ಮನೆಗಳ ಮುಂದಿನ ಪರ್ಸಿ ಕಲ್ಲು ಹತ್ತರ ಹೊತ್ತಿಗೆ ಬರಿಗಾಲಿಗೆ ತಡೆಯುವುದಿಲ್ಲ. ಗೋಡೆಗೂ ಕಲ್ಲು, ನೆಲಕ್ಕೂ ಕಲ್ಲು. ಶಹಾಬಾದದ ಹೆಸರು ಹೊತ್ತು ದೇಶಕ್ಕೆಲ್ಲ ಹೋದ ಸುಣ್ಣಗಲ್ಲಿನ ಸೀಮೆ ಇದು. ಹಗಲು ಹೀರಿದ ಕಾವನ್ನು ಆ ಕಲ್ಲು ರಾತ್ರಿ ಬಿಡುತ್ತದೆ. ಪಾರಾ 42 ಡಿಗ್ರಿ ದಾಟುವ ಈ ದಿನಗಳಲ್ಲೇ ಇಲ್ಲಿಯ ಲಗ್ನಗಳು. ತೊಗರಿ ಕಡಲೆ ಮಾರಿ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಹೊಲದಲ್ಲಿ ಕೆಲಸವಿರುವುದಿಲ್ಲ, ಮಕ್ಕಳಿಗೆ ಸಾಲಿ ಸೂಟಿ. ಚರ್ಮದ ಅನುಕೂಲ ನೋಡಿ ಮುಹೂರ್ತ ಇಟ್ಟವರು ಮಾತ್ರ ಯಾರೂ ಇಲ್ಲ.

ಹಂದರ ಎದ್ದಿದೆ. ಕಟ್ಟೆಯ ಮೇಲೆ ಹೆಂಗಸರು ಅಕ್ಕಿ ಆರಿಸುತ್ತಿದ್ದಾರೆ, ಹಿತ್ತಲಲ್ಲಿ ಬುಂದಿ ಕರಿಯುವ ಒಲೆಗೆ ಕಟ್ಟಿಗೆ ಇಳಿಯುತ್ತಿದೆ. ಒಳಗಿನ ಕೋಣೆಯಿಂದ ಒಂದು ಕೂಗು:

“ಆಯೀ, ಇದೇನ ಎದ್ದಾದ ನೋಡು!”

ಮದುಮಗಳ ಗದ್ದದ ಮೇಲೆ, ಸರಿಯಾಗಿ ನಟ್ಟನಡುವೆ, ತೊಗರಿ ಕಾಳಿನಷ್ಟು ಕೆಂಪು ಗುಳ್ಳಿ. ಬಾಯಿ ಇನ್ನೂ ಬಂದಿಲ್ಲ. ಸುತ್ತ ಬಿಗಿದು ಮಿರುಗುತ್ತಿದೆ, ಬೆರಳು ತಾಗಿದರೆ ಚುಳ್ಳೆನ್ನುತ್ತದೆ. ಅಕ್ಕಿಕಾಳು ಬೀಳಲು ಇನ್ನು ಮೂರೇ ದಿನ. ಅಕ್ಕಿ ಆರಿಸುವ ಕೈಗಳೆಲ್ಲ ಮೊರ ಬಿಟ್ಟು ಒಳಗೆ ಬಂದವು.

“ಹಣಿ ಮ್ಯಾಲ ಎದ್ದಿದ್ರ ಬಾಸಿಂಗ ಮುಚ್ಚತಿತ್ತು. ಗದ್ದಕ್ಕ ಏನ್ ಕಟ್ಟಬೇಕವ್ವ?” ಎಂದಳು ಕಾಕಿ. ಅತ್ತಿ ಅವಳನ್ನು ಗದರಿಸಿದಳು. ಕಾಕಿಯ ಮಾತಿನಲ್ಲಿ ಹುರುಳಿತ್ತು ಅನ್ನಿ.

ಗುಳ್ಳಿ ಇಂದು ಹುಟ್ಟಿದ್ದಲ್ಲ. ಚರ್ಮದ ಸಣ್ಣ ರಂಧ್ರವೊಂದರಲ್ಲಿ ಜಿಡ್ಡು, ಸತ್ತ ಚರ್ಮದ ಹೊಟ್ಟು ಸೇರಿ ವಾರಗಳ ಹಿಂದೆಯೇ ಬಾಯಿ ಕಟ್ಟಿಕೊಂಡಿರುತ್ತದೆ. ಒಳಗೆ ಸಿಕ್ಕಿದ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಮೈ ಅದರ ಮೇಲೆ ಯುದ್ಧಕ್ಕೆ ಹೊರಟಾಗ ಕೆಂಪು ಬಾವು ಕಾಣಿಸಿಕೊಳ್ಳುತ್ತದೆ. ಮುಟ್ಟು ಹತ್ತಿರ ಬಂದಾಗ ಗದ್ದದ ಮೇಲೇ ಏಳುವುದು ಬಹಳ ಹೆಣ್ಣುಮಕ್ಕಳಿಗೆ ಗೊತ್ತಿರುವ ಸಂಗತಿ. ಲಗ್ನದ ಮನೆಯ ನಿದ್ದೆಗೇಡು, ಚಿಂತೆ, ತಿಂಗಳಿಂದ ಮೆತ್ತಿಕೊಂಡ ಹೊಸ ಹೊಸ ಕ್ರೀಮು ಅದಕ್ಕೆ ಗೊಬ್ಬರ. ಆದರೆ ಕೋಣೆಯಲ್ಲಿ ಕಾರಣ ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಎಲ್ಲರ ಬಳಿಯೂ ಮದ್ದಿತ್ತು.

ಆಯಿ ಮೊದಲು ಎದ್ದಳು. ಗೂಡಿನಿಂದ ಸಾಣಿಕಲ್ಲು ತೆಗೆದಳು. ಅದರ ನಡುವೆ ಎರಡು ತಲೆಮಾರಿನ ಕೂಸುಗಳಿಗೆ ಬಜೆ ತೇಯ್ದು ಬಿದ್ದ ತಗ್ಗು. ನಾಲ್ಕು ಹನಿ ಹಾಲು ಬಿಟ್ಟು, ಜಾಯಿಕಾಯಿ ಹಿಡಿದು ಗುಂಡಗೆ ತಿರುವತೊಡಗಿದಳು. ಕಂದು ಬಣ್ಣದ ಗಂಧ ಅಂಚಿಗೆ ಬಂದು ನಿಂತಿತು. ಮೇಲಿಷ್ಟು ಬಜೆಯನ್ನೂ ತೇಯ್ದಳು. ಈ ಕೈಮದ್ದಿನ ಬೇರು ಬಹಳ ಆಳದ್ದು. ಸುಶ್ರುತ ಸಂಹಿತೆ ಹರೆಯದವರ ಮೊಡವೆಗೆ ಮುಖದೂಷಿಕೆ ಎಂದು ಹೆಸರಿಟ್ಟು, ಬೂರುಗದ ಮರದ ಮುಳ್ಳಿಗೆ ಹೋಲಿಸುತ್ತದೆ. ಅದಕ್ಕೆ ಹೇಳುವ ಲೇಪದಲ್ಲಿ ಬಜೆಯೂ ಉಂಟು. ದೂರವೇನು ಬಂತು, ಇದೇ ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥ ಬರೆದ ಜೈನ ಮುನಿ ಉಗ್ರಾದಿತ್ಯ ನೃಪತುಂಗನ ಆಸ್ಥಾನದಲ್ಲಿ ಮಾಂಸಾಹಾರ ಸಲ್ಲದೆಂದು ವಾದ ಹೂಡಿದ್ದ. ಆ ಆಸ್ಥಾನದ ರಾಣಿಯರ ಗದ್ದದ ಮೇಲೂ ಗುಳ್ಳಿ ಏಳದೆ ಇದ್ದೀತೆ?

ಆಯಿಯ ಗಂಧಕ್ಕೆ ನನ್ನ ತಕರಾರಿಲ್ಲ, ತೆಳ್ಳಗೆ ಹಚ್ಚಿ ಹೊತ್ತಿಗೆ ತೊಳೆದರೆ. ತಕರಾರು ಇರುವುದು ಅದರ ಹಿಂದೆ ಸಾಲು ಹಿಡಿದ ಉಳಿದ ಮದ್ದುಗಳ ಮೇಲೆ. ತಮ್ಮ ಟೂತ್‌ಪೇಸ್ಟ್ ತಂದ. ಅದು ಗುಳ್ಳಿಯನ್ನು ಒಣಗಿಸಿದಂತೆ ಕಂಡರೂ ಸುತ್ತಲಿನ ಚರ್ಮವನ್ನು ಸುಟ್ಟು ಕಪ್ಪು ಕಲೆ ಉಳಿಸುತ್ತದೆ. ವೈನಿ ನಿಂಬೆಹಣ್ಣು ಕೊಯ್ದಳು. ನಿಂಬೆರಸ ಹಚ್ಚಿದ ಚರ್ಮಕ್ಕೆ ಈ ಬಿಸಿಲು ಬಿದ್ದರೆ ಬೊಬ್ಬೆ ಬಂದು ತಿಂಗಳುಗಟ್ಟಲೆ ಕಲೆ ನಿಲ್ಲುವುದುಂಟು. ಕಾಕಿ ಎರಡು ಹೆಬ್ಬೆರಳ ಉಗುರು ಜೋಡಿಸಿಕೊಂಡೇ ಬಂದಿದ್ದಳು, “ಒಮ್ಮಿ ಒತ್ತಿ ಬಿಡ್ತೀನಿ ಬಾ ತಂಗಿ.” ಇನ್ನೂ ಬಾಯಿ ಬರದ ಗುಳ್ಳಿಯನ್ನು ಒತ್ತಿದರೆ ಒಳಗಿನದು ಹೊರಗೆ ಬರುವ ಬದಲು ಇನ್ನಷ್ಟು ಒಳಗೆ ಒಡೆಯುತ್ತದೆ. ಸಂಜೆಗೆ ತೊಗರಿ ಹೋಗಿ ಕಡಲೆಯಾಗುತ್ತದೆ.

ಎಲ್ಲಕ್ಕಿಂತ ಕೆಟ್ಟ ಮದ್ದು ತಂದವನು ಕಾಕಾ. ಬೈಕ್ ಮೇಲೆ ಹೋಗಿ ಬೈಕ್ ಮೇಲೆ ಬಂದವನು, ಅಂಗಿಯ ಕಿಸೆಯಿಂದ ಒಂದು ಬಿಳಿ ಟ್ಯೂಬು ತೆಗೆದ. “ರಾತ್ರಿ ಹಚ್ಚು, ಮುಂಜಾನಿ ಮಾರಿ ಬೆಳ್ಳಗ ಆಗ್ತಾದ. ಮೆಡಿಕಲ್‌ದಾಂವ ಹೇಳ್ಯಾನ.”

ಸುಳ್ಳಲ್ಲ. ಅದೇ ಇದರ ಮೋಸ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಸ್ಟೀರಾಯ್ಡುಗಳಿರುವ ಈ ಮುಲಾಮುಗಳು ಒಂದೆರಡು ದಿನದಲ್ಲಿ ಕೆಂಪು ಇಳಿಸುತ್ತವೆ, ಮುಖ ತಿಳಿಯಾಗಿಸುತ್ತವೆ. ಲಗ್ನ ಚೆನ್ನಾಗಿ ಆಗುತ್ತದೆ, ಫೋಟೋ ಚೆನ್ನಾಗಿ ಬರುತ್ತವೆ, ಆದ್ದರಿಂದ ಗಂಡನ ಮನೆಗೂ ಟ್ಯೂಬು ಹೋಗುತ್ತದೆ. ಅಲ್ಲಿ ವಾರ, ತಿಂಗಳು ಕಳೆದ ಮೇಲೆ ಚರ್ಮ ತೆಳುವಾಗಿ ನರ ಕಾಣುತ್ತವೆ, ಕೆನ್ನೆಯ ಮೇಲೆ ಕೂದಲು ಬೆಳೆಯುತ್ತವೆ, ಗುಳ್ಳಿಗಳು ಹಿಂಡು ಕಟ್ಟಿ ಬರುತ್ತವೆ. ಬಿಟ್ಟರೆ ಉರಿ, ಹಚ್ಚಿದರಷ್ಟೇ ತಂಪು. ಇಂಥ ಮುಖಗಳನ್ನು ನೋಡಿ ನೋಡಿ ನಮ್ಮ ದೇಶದ ಚರ್ಮವೈದ್ಯರು ಅದನ್ನೇ ಒಂದು ಬೇರೆ ರೋಗವೆಂದು ಹೆಸರಿಟ್ಟು ಕರೆಯಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಪಟ್ಟಿ ಪಟ್ಟಿಯಲ್ಲಿದೆ, ಟ್ಯೂಬು ಕಾಕಾನ ಕಿಸೆಯಲ್ಲಿದೆ.

ಗದ್ದಲ ಕೇಳಿ ಬಂದವರು ಹಿಂದಿನ ಮನೆಯ ನಿವೃತ್ತ ನರ್ಸಕ್ಕ. ಊರಿನ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿದ ಕೈ. ಮೊದಲು ಮಾಡಿದ್ದು ಕೋಣೆ ಖಾಲಿ ಮಾಡಿಸಿದ್ದು. “ನೀವು ಹತ್ತು ಮಂದಿ ಹೊರಗ ಹೋದ್ರ ಅರ್ಧ ಬಾವು ಇಳೀತಾದ.” ಆಮೇಲೆ ಶರಬತ್ತಿಗೆ ತಂದಿಟ್ಟ ಬರ್ಫಿನಿಂದ ಒಂದು ಚೂರು ಒಡೆಸಿ, ತೊಳೆದ ಅರಿವೆಯಲ್ಲಿ ಸುತ್ತಿದರು. ಬರ್ಫನ್ನು ಹಾಗೇ ಚರ್ಮಕ್ಕೆ ಇಟ್ಟರೆ ಅದೂ ಸುಡುತ್ತದೆ. ಅರಿವೆಯ ಮೇಲಿಂದ ಸ್ವಲ್ಪ ಹೊತ್ತು ಹಿಡಿದು, ತೆಗೆದು, ಮತ್ತೆ ಹಿಡಿದರು. ರಕ್ತನಾಳ ಕುಗ್ಗಿ ಕೆಂಪು ಅಷ್ಟಕ್ಕೇ ಒಂದು ಪಾಲು ತಗ್ಗಿತು. ರಾತ್ರಿಗೆ 2.5 ಪ್ರತಿಶತದ ಬೆಂಜೈಲ್ ಪೆರಾಕ್ಸೈಡ್ ಜೆಲ್, ಅದೂ ಗುಳ್ಳಿಯ ತುದಿಗೆ ಸಾಸಿವೆಯಷ್ಟು. ಈ ಔಷಧಿಗೆ ಒಂದು ದುರ್ಗುಣವಿದೆ: ಬಟ್ಟೆಯ ಬಣ್ಣ ತಿನ್ನುತ್ತದೆ. ಮರುದಿನ ಮುಂಜಾನೆ ಮದುಮಗಳ ಕೆಂಪು ದಿಂಬಿನ ಮೇಲೆ ಬಿಳಿ ಕಲೆ ಮೂಡಿತ್ತು. ಲಗ್ನದ ಸೀರೆಯನ್ನು ಆ ಕೋಣೆಯಿಂದ ಮೊದಲೇ ಆಚೆ ಸಾಗಿಸಿದ್ದರು ನರ್ಸಕ್ಕ.

ಇದಕ್ಕೂ ಬಗ್ಗದ, ಆಳದಲ್ಲಿ ಗಂಟು ಕಟ್ಟಿದ ಗುಳ್ಳಿಗೆ ಕಲಬುರಗಿಯ ಚರ್ಮವೈದ್ಯರ ಬಳಿ ಇನ್ನೊಂದು ದಾರಿಯಿದೆ. ಟ್ರಯಾಮ್ಸಿನೊಲೋನ್ ಎಂಬ ಔಷಧಿಯನ್ನು ತೆಳು ಮಾಡಿ ಗಂಟಿನೊಳಗೇ ಒಂದು ಹನಿ ಚುಚ್ಚುತ್ತಾರೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಇದೂ ಸ್ಟೀರಾಯ್ಡೇ. ಅಳತೆ ತಪ್ಪಿದರೆ ಅಲ್ಲೊಂದು ತಗ್ಗು ಬೀಳುತ್ತದೆ, ಆದ್ದರಿಂದ ಬಲ್ಲವರ ಕೈಯೇ ಬೇಕು. ಸೇಡಂನಿಂದ ಕಲಬುರಗಿ 50 ಕಿಲೋಮೀಟರಿಗೂ ಹೆಚ್ಚು. ಹಂದರ ಹಾಕಿದ ಮೇಲೆ ಮದುಮಗಳನ್ನು ಹೊಸ್ತಿಲು ದಾಟಿಸುವುದು ಹೇಗೆ ಎಂದು ಆಯಿ ತಡೆದಳು. ಗುಳ್ಳಿಯೂ ತಡೆದುಕೊಂಡಿತು.

ಅರಿಶಿಣದ ದಿನ ಇನ್ನೊಂದು ರಗಳೆ. ಸುರಗಿ ಸುತ್ತಿ, ಎಣ್ಣೆ ಅರಿಶಿಣ ಹಚ್ಚುವಾಗ ಮುತ್ತೈದೆಯರಿಗೆ ಮದುಮಗಳ ಮುಖ ಬಿಟ್ಟು ಬೇರೆ ಜಾಗ ಕಾಣುವುದಿಲ್ಲ. “ಗದ್ದ ಬಿಟ್ಟು ಹಚ್ರಿ, ಗದ್ದ ಬಿಟ್ಟು” ಎಂದು ನರ್ಸಕ್ಕ ಕೂಗುತ್ತಲೇ ಇದ್ದರು. ಅರಿಶಿಣದ ಗುಣ ದೊಡ್ಡದೇ. ಅದರ ಗಾಯ ಮಾಯಿಸುವ ಗುಣಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಾಗ ನಮ್ಮ ಸಿ.ಎಸ್.ಐ.ಆರ್. ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಆದರೆ ಅಂಗಡಿಯ ಸಡಿಲು ಪುಡಿಗೆ ಮೆಟನಿಲ್ ಹಳದಿ ಬೆರೆಸುವವರೂ ಇದೇ ದೇಶದವರು. ಆ ಬಣ್ಣ ಮೈಗೆ ಒಗ್ಗದೆ ತುರಿಕೆ ಎದ್ದರೆ ಅಪವಾದ ಮಾತ್ರ ಅರಿಶಿಣಕ್ಕೆ. ಈ ಮನೆಯಲ್ಲಿ ಕೊಂಬು ಕುಟ್ಟಿದ್ದರು, ಬಚಾವು.

ತೊಳೆಯುವುದೂ ಸುಲಭವಲ್ಲ. ಸುಣ್ಣಗಲ್ಲಿನ ನೆಲದಿಂದ ಬಂದ ಬೋರಿನ ನೀರು ಗಡಸು, ಸಾಬೂನು ನೊರೆ ಬಿಡುವುದಿಲ್ಲ. ನೊರೆ ಬರಲೆಂದು ಮತ್ತಷ್ಟು ತಿಕ್ಕಿದರೆ ಬಿಳಿ ಜಿಗುಟು ಚರ್ಮದ ಮೇಲೇ ಕೂತು ಮುಖ ಬಿರಿಯುತ್ತದೆ. ಕಡ್ಲಿಹಿಟ್ಟೇ ಇಲ್ಲಿಗೆ ಸರಿಯಾದದ್ದು.

ಮೆಹೆಂದಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಹತ್ತು ನಿಮಿಷದಲ್ಲಿ ಕರ್ರಗೆ ಏರುತ್ತದೆ ಎಂದು ಗೆಳತಿಯೊಬ್ಬಳು ಕೋನು ತಂದಿದ್ದಳು. ಗೋರಂಟಿ ಸೊಪ್ಪು ಬಿಡುವ ಬಣ್ಣ ಹುಟ್ಟಿದಾಗಿನಿಂದ ಕೆಂಪು, ಏರಲು ತಾಸುಗಟ್ಟಲೆ ಬೇಕು. ಕಪ್ಪು ಬಂದರೆ ಬಹಳ ಸಲ ಅದರಲ್ಲಿ ತಲೆಗೂದಲ ಬಣ್ಣಕ್ಕೆ ಹಾಕುವ ಪಿ.ಪಿ.ಡಿ. ಎಂಬ ರಾಸಾಯನಿಕ ಸೇರಿರುತ್ತದೆ. ಒಗ್ಗದ ಮೈಗೆ ಬೊಬ್ಬೆ ಏಳುವುದು ಹಚ್ಚಿದ ಒಂದು, ಎರಡು, ಮೂರನೆಯ ದಿನ, ಅಂದರೆ ಸರಿಯಾಗಿ ಅಕ್ಕಿಕಾಳಿನ ಹೊತ್ತಿಗೆ. ಹೊಸದೇನೇ ಇದ್ದರೂ ಮೊದಲು ಮೊಳಕೈಯ ಒಳಮಗ್ಗುಲಿಗೆ ಚೂರು ಹಚ್ಚಿ ಎರಡು ದಿನ ಕಾದು ನೋಡಬೇಕು. ಲಗ್ನದ ಮನೆಯಲ್ಲಿ ಎರಡು ದಿನ ಯಾರ ಬಳಿಯಿರುತ್ತವೆ? ಕೋನು ಹಂದರದ ಆಚೆ ಹೋಯಿತು. ಆಯಿಯ ಹಿತ್ತಲ ಸೊಪ್ಪು ಕಲ್ಲಿಗೆ ಬಂತು.

ಆ ರಾತ್ರಿ ಅಡ್ಡಮಳೆ ಬಿದ್ದು ಮಣ್ಣಿನ ವಾಸನೆ ಎದ್ದಿತು, ಹಂದರದ ಟ್ಯೂಬ್‌ಲೈಟಿಗೆ ಹುಳಗಳ ದಂಡು ಮುತ್ತಿತು. ಮುಂಜಾನೆ ಸೋದರಮಾವನ ಮಗಳ ಕುತ್ತಿಗೆಯ ಮೇಲೆ ಬರೆ ಎಳೆದಂಥ ಕೆಂಪು ಗೆರೆ, ನಡುವೆ ಸಣ್ಣ ಬೊಕ್ಕೆ. ಜೇಡ ಉಚ್ಚಿ ಹೊಯ್ದಾದ ಎಂದರು ಒಬ್ಬರು, ಸರ್ಪಸುತ್ತು ಎಂದರು ಇನ್ನೊಬ್ಬರು. ಎರಡೂ ಅಲ್ಲ. ಕೆಂಪು-ಕಪ್ಪು ಪಟ್ಟೆಯ, ಇರುವೆಯನ್ನು ಹೋಲುವ ಪೆಡೆರಸ್ ಎಂಬ ಜೀರುಂಡೆ ಬೆಳಕಿಗೆ ಬಂದು ಮೈ ಮೇಲೆ ಕೂರುತ್ತದೆ. ನಿದ್ದೆಗಣ್ಣಿನಲ್ಲಿ ಒರೆಸಿದರೆ ಅರೆದುಹೋಗಿ ಅದರ ಮೈಯ ವಿಷ ಚರ್ಮ ಸುಡುತ್ತದೆ. ಕೂತದ್ದು ಕಂಡರೆ ಊದಿ ಹಾರಿಸಬೇಕು, ಅರೆದುಹೋದರೆ ಕೂಡಲೇ ಸಾಬೂನು ನೀರಿನಲ್ಲಿ ತೊಳೆಯಬೇಕು. ಈ ಹುಡುಗಿಗೆ ತಣ್ಣೀರ ಪಟ್ಟಿ, ಗುಲಾಬಿ ಬಣ್ಣದ ಕ್ಯಾಲಮೈನ್ ಲೋಶನ್. ಅದೇ ಬಾಟಲಿ ಬೆವರುಸಾಲೆ ಎದ್ದ ಕೂಸುಗಳ ಬೆನ್ನಿಗೂ ತಿರುಗಾಡಿ ಮಧ್ಯಾಹ್ನಕ್ಕೆ ಮುಗಿಯಿತು.

ಲಗ್ನದ ಮುಂಜಾನೆ ಸೇಡಂನಿಂದ ಬ್ಯೂಟಿಶಿಯನ್ ಹುಡುಗಿ ಬಂದಳು. ಗುಳ್ಳಿ ಕುಗ್ಗಿತ್ತು, ಕೆಂಪು ಮಾತ್ರ ಉಳಿದಿತ್ತು. ಅವಳು ಪೆಟ್ಟಿಗೆ ತೆರೆದು ಹಸಿರು ಬಣ್ಣದ ಡಬ್ಬಿ ತೆಗೆದಾಗ ಆಯಿ ಗಾಬರಿಯಾದಳು. ಹಸಿರು ಕೆಂಪನ್ನು ಕೊಲ್ಲುತ್ತದೆ, ಇದು ಬಣ್ಣದ ಲೆಕ್ಕ. ಸಣ್ಣ ಕುಂಚದ ತುದಿಯಿಂದ ಗುಳ್ಳಿಯ ಮೇಲಷ್ಟೇ ಒಂದು ಚುಕ್ಕಿ ಇಟ್ಟು, ಉಜ್ಜದೆ ಬೆರಳ ತುದಿಯಿಂದ ತಟ್ಟಿ ತಟ್ಟಿ ಅಂಚು ಕರಗಿಸಿದಳು. ಮೇಲೆ ಚರ್ಮದ ಬಣ್ಣದ್ದೊಂದು ಪದರ, ಅದರ ಮೇಲೆ ಪೌಡರು. ಎಲ್ಲಿತ್ತು ಗುಳ್ಳಿ ಎಂದು ಕಾಕಿಯೇ ಬಗ್ಗಿ ಹುಡುಕಿದಳು.

ಅಷ್ಟರಲ್ಲಿ ಚಿಂಚೋಳಿ ಕಡೆಯ ಬೀಗರ ಗಾಡಿ ಬಂತು. ಮದುಮಗ ಇಳಿದ. ಜೀವನದಲ್ಲಿ ಮೊದಲ ಸಲ, ನಿನ್ನೆ ರಾತ್ರಿ, ಗೆಳೆಯರ ಮಾತು ಕೇಳಿ ಗಡ್ಡ ಬೋಳಿಸಿ, ಅದರ ಮೇಲೇ ಬ್ಲೀಚ್ ಮಾಡಿಸಿಕೊಂಡಿದ್ದ. ಅಮೋನಿಯಾ, ಪೆರಾಕ್ಸೈಡು ಹಸಿ ಗಾಯಕ್ಕೆ ಬಿದ್ದರೆ ಏನಾಗಬೇಕೋ ಅದು ಎರಡೂ ಕೆನ್ನೆಯ ಮೇಲೆ ಆಗಿತ್ತು. ಕಿಟಕಿಯಿಂದ ನೋಡಿದ ಕಾಕಿ ಒಳಗೆ ಬಂದು ಸುದ್ದಿ ಮುಟ್ಟಿಸಿದಳು: “ನಮ್ಮದು ಒಂದೇ ಇತ್ತವ್ವ. ಅವರದು ಎಣಸಲಾಕ ಬರಂಗಿಲ್ಲ.”

ಬ್ಯೂಟಿಶಿಯನ್ ಹುಡುಗಿಯನ್ನು ಹಸಿರು ಡಬ್ಬಿಯ ಸಮೇತ ಬಿಡದಿ ಮನೆಗೆ ಕರೆದರು. ಈ ಖರ್ಚು ಗಂಡಿನ ಕಡೆಯವರದೋ ಹೆಣ್ಣಿನ ಕಡೆಯವರದೋ ಎಂದು ಹಿರಿಯರು ಯಾದಿ ಬಿಚ್ಚಿ ನೋಡಿದರು. ಬಂಗಾರ, ಬಟ್ಟೆ, ಹಂದರ, ಬ್ಯಾಂಡು ಎಲ್ಲ ಬರೆದಿತ್ತು, ಮಾರಿಯ ಮಾತು ಬರೆದಿರಲಿಲ್ಲ. ಮುಹೂರ್ತಕ್ಕೆ ಅರ್ಧ ತಾಸು ಇರುವಾಗ ಎರಡೂ ಕಡೆಯವರು ಅದನ್ನು ಹಿಡಿದು ಕೂತರು.