ಕೀವಾದ ಜಾಲರಿಯನ್ನು ಕೀಳಲೇಬೇಕೆ?

ಅರಿಶಿನದ ಮೂಟೆ ಹೊರುವ ಹರವೆ, ತೆರಕಣಾಂಬಿ ಕಡೆಯವರಿಗೆ ಹರ್ನಿಯಾ ಹೊಸ ಮಾತಲ್ಲ. ಹೊಟ್ಟೆಯ ಗೋಡೆ ಸಡಿಲಾದ ಕಡೆ ಕರುಳು ಉಬ್ಬುತ್ತದೆ. ಕೆಮ್ಮಿದರೆ ಗಂಟು ಕಾಣುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಆಪರೇಷನ್ ಮಾಡಿ ಅಲ್ಲಿಗೆ ಪ್ಲಾಸ್ಟಿಕ್ ಜಾಲರಿ ಹೊಲಿಯುತ್ತಾರೆ. ನೋಡಲು ಅದು ಸೊಳ್ಳೆಪರದೆಯ ತುಂಡಿನಂತೆಯೇ. ಮಹಾರಾಷ್ಟ್ರದ ದೊಂಡಾಯಿಚಾದ ಸರ್ಜನ್ ರವೀಂದ್ರನಾಥ ಟೊಂಗಾಂವಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧೀಕರಿಸಿ ಬಳಸಿದವರು.

ಕೆಲವರಲ್ಲಿ ಈ ಜಾಲರಿಗೆ ಸೋಂಕು ತಗಲುತ್ತದೆ, ಕೆಲವೊಮ್ಮೆ ವರ್ಷಗಳ ನಂತರವೂ. ನೀರಿನ ತೊಟ್ಟಿಯ ಒಳಗೋಡೆಗೆ ಲೋಳೆ ಕಟ್ಟುವಂತೆ ಬ್ಯಾಕ್ಟೀರಿಯಾಗಳು ಎಳೆಗಳ ಮೇಲೆ ಪದರ ಕಟ್ಟಿಕೊಳ್ಳುತ್ತವೆ. ಮಾತ್ರೆ, ಇಂಜೆಕ್ಷನ್ ಆ ಪದರದೊಳಗೆ ಸುಲಭವಾಗಿ ಇಳಿಯುವುದಿಲ್ಲ. ಹಾಗಾಗಿ ಜಾಲರಿ ಕಿತ್ತುಹಾಕುವುದೇ ಹಿಂದಿನ ರೂಢಿ. ಕಿತ್ತರೆ ಹರ್ನಿಯಾ ಮರಳುವ ಭಯ.

ಇನ್ನೊಂದು ದಾರಿ 1997ರಲ್ಲಿ ತೆರೆಯಿತು. ಅಮೆರಿಕದ ಲೂಯಿಸ್ ಅರ್ಜೆಂಟಾ ಮತ್ತು ಮೈಕಲ್ ಮೊರಿಕ್ವಾಸ್ ಗಾಯವನ್ನು ಪಂಪಿನಿಂದ ಎಳೆಯುವ ವಿಧಾನ ಪ್ರಕಟಿಸಿದರು. ಮೊದಲು ಗಾಯ ಬಿಚ್ಚಿ, ಕೀವು ತೊಳೆದು, ಸತ್ತ ಮಾಂಸ ತೆಗೆಯುತ್ತಾರೆ. ಗಾಯದ ಆಕಾರಕ್ಕೆ ಕತ್ತರಿಸಿದ ಸ್ಪಂಜು ಇಟ್ಟು, ಮೇಲೆ ಗಾಳಿಯಾಡದಂತೆ ಪಾರದರ್ಶಕ ಹಾಳೆ ಅಂಟಿಸಿ, ಕೊಳವೆ ಜೋಡಿಸುತ್ತಾರೆ. ಪಂಪು ಚಾಲೂ ಆದರೆ ಉಬ್ಬಿದ್ದ ಸ್ಪಂಜು ಹಿಂಡಿದಂತೆ ಮುದುಡಿಕೊಳ್ಳುತ್ತದೆ. ಸಾಮಾನ್ಯವಾಗಿ ಇಡುವ ಎಳೆತ 125 ಮಿಲಿಮೀಟರ್ ಪಾದರಸ. ಬಿಪಿ ನೋಡುವಾಗ ಕೇಳುವ ಅಳತೆಯೇ ಇದು, ಆದರೆ ಇಲ್ಲಿ ಒತ್ತಡವಲ್ಲ, ಸೆಳೆತ. ಕೊಳೆ ನೀರು ಹೊರಬರುತ್ತದೆ, ಬಾವು ಇಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಸ್ಪಂಜು ಬದಲಿಸುವಾಗ ನೋಡಿದರೆ, ದಾಳಿಂಬೆ ಕಾಳಿನಂಥ ಕೆಂಪು ಹೊಸ ಮಾಂಸ ಜಾಲರಿಯ ತೂತುಗಳಿಂದ ಮೇಲೇಳುತ್ತಿರುತ್ತದೆ.

ಜಾಲರಿ ಉಳಿಯುತ್ತದೋ ಇಲ್ಲವೋ ಎಂಬುದರ ಗುಟ್ಟು ತೂತಿನ ಗಾತ್ರದಲ್ಲೇ ಇದೆ. ಬ್ಯಾಕ್ಟೀರಿಯಾ ಸುಮಾರು 1 ಮೈಕ್ರಾನ್, ಅದನ್ನು ನುಂಗುವ ನಮ್ಮ ರಕ್ಷಕ ಕೋಶ 10ಕ್ಕೂ ದೊಡ್ಡದು. 75 ಮೈಕ್ರಾನಿಗಿಂತ ದೊಡ್ಡ ತೂತಿನ ಪಾಲಿಪ್ರೊಪಿಲೀನ್ ಜಾಲರಿಯೊಳಗೆ ರಕ್ಷಕ ಕೋಶವೂ ರಕ್ತನಾಳವೂ ನುಗ್ಗಬಲ್ಲವು, ಅಂಥದ್ದು ಬಹಳಷ್ಟು ಸಲ ಉಳಿಯುತ್ತದೆ. ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್‌ನ ಸಣ್ಣ ತೂತಿನ ಹಾಳೆಯಲ್ಲಿ ಕ್ರಿಮಿ ಅವಿತುಕೊಳ್ಳುತ್ತದೆ, ಬೆನ್ನಟ್ಟುವ ಕೋಶ ಹೊರಗೇ ಉಳಿಯುತ್ತದೆ. ಅಂಥ ಹಾಳೆಯನ್ನು ಸಾಮಾನ್ಯವಾಗಿ ಕೀಳಲೇಬೇಕು. ಕರುಳು ಬಯಲಾಗಿದ್ದರೆ ಸ್ಪಂಜನ್ನು ನೇರವಾಗಿ ಅದರ ಮೇಲೆ ಇಡುವಂತಿಲ್ಲ, ಕರುಳೇ ತೂತಾಗಬಹುದು. ಕರೆಂಟ್ ಹೋಗಿ ಪಂಪು ಗಂಟೆಗಟ್ಟಲೆ ನಿಂತರೂ ಅಪಾಯ. ಕೊಳೆ ಒಳಗೇ ಮಡುಗಟ್ಟುತ್ತದೆ.

ನಮ್ಮ ಕಡೆ ಗಾಯಕ್ಕೆ ಮೊದಲು ಬೀಳುವುದು ಅರಿಶಿನ. ಆಪರೇಷನ್ ಆದ ಜಾಗ ಕೆಂಪಾಗಿ, ಬಿಸಿಯಾಗಿ, ಕೀವು ಒಸರಿದರೆ ದಯವಿಟ್ಟು ಅದನ್ನು ಹಚ್ಚಬೇಡಿ, ಸರ್ಜನ್ ಬಳಿ ಹೋಗಿ. ಹೋಗುವಾಗ ಹಳೆಯ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಒಳಗಿರುವುದು ಯಾವ ಜಾಲರಿ ಎಂದು ವೈದ್ಯರು ಮೊದಲು ಹುಡುಕುವುದು ಅದರಲ್ಲೇ.