ನಿಮಗಿದು ಗೊತ್ತೆ? ತಕರಾರು ಪೂರಿಯದಲ್ಲ, ಪಾನಿಯದು
ಆ್ಯಂಟಿಬಯೋಟಿಕ್‌ಗೆ ಜಗ್ಗದ ಇ. ಕೊಲಿ ಬ್ಯಾಕ್ಟೀರಿಯಾ ಕೂಡ ಬೆಂಕಿಗೆ ಮಾತ್ರ ಉಳಿದವುಗಳಂತೆಯೇ ಸಾಯುತ್ತದೆ. ಔಷಧ ತಾಳಿಕೊಳ್ಳುವ ಗುಣ ಬಂದ ಮಾತ್ರಕ್ಕೆ ಶಾಖ ತಾಳುವ ಶಕ್ತಿ ಬರುವುದಿಲ್ಲ. ಹಾಗಾಗಿ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ಬಜ್ಜಿಗೆ ಅಷ್ಟೇನೂ ಅಂಜಬೇಕಿಲ್ಲ. ಅನುಮಾನ ಪಡಬೇಕಾದ್ದು ಪಕ್ಕದ ಹಸಿ ಚಟ್ನಿ, ಪಾನಿಪೂರಿಯ ಪಾನಿ, ಹೆಚ್ಚಿಟ್ಟ ಈರುಳ್ಳಿ-ಕೊತ್ತಂಬರಿ, ಕತ್ತರಿಸಿ ಮಾರುವ ಪಪ್ಪಾಯಿಯನ್ನು. ಇವು ಒಲೆಯ ಮುಖ ನೋಡುವುದೇ ಇಲ್ಲ. ಬಕೆಟ್ಟಿನ ನೀರು, ಒರೆಸುವ ಬಟ್ಟೆ, ನೋಟು ಎಣಿಸಿದ ಕೈ ಎಲ್ಲವೂ ಇವಕ್ಕೆ ತಾಗುತ್ತವೆ.

ಔಷಧಕ್ಕೆ ಜಗ್ಗದಂತೆ ಮಾಡುವ ನಿರೋಧಕ ಜೀನ್‌ಗಳು ಎಷ್ಟೋ ಬಾರಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿರುತ್ತವೆ. ಒಂದು ಬ್ಯಾಕ್ಟೀರಿಯಾ ಅದರ ನಕಲನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಈ ವ್ಯವಹಾರಕ್ಕೆ ನಮ್ಮ ಕರುಳು ಹೇಳಿಮಾಡಿಸಿದ ಜಾಗ. ಇಂಥ ಬ್ಯಾಕ್ಟೀರಿಯಾ ಇರುವ ತಿಂಡಿ ತಿಂದಾಗ ಹೊಟ್ಟೆನೋವೂ ಬಾರದಿರಬಹುದು. ಮುಂದೆಂದೋ ಮೂತ್ರದ ಸೋಂಕಾದಾಗ ಮಾತ್ರೆ ನಾಟದೆ ಹೋಗಬಹುದು.

ತಪ್ಪೆಲ್ಲ ತಿಂಡಿ ಗಾಡಿಯವರ ತಲೆಗೆ ಕಟ್ಟುವುದು ಅನ್ಯಾಯ. ದೆಹಲಿಯಲ್ಲಿ 2010ರಲ್ಲಿ ನೀರು ಸಂಗ್ರಹಿಸಿ ನಡೆಸಿದ ಅಧ್ಯಯನದಲ್ಲಿ ಕುಡಿಯುವ ನೀರಿನ 50 ಮಾದರಿಗಳ ಪೈಕಿ 2ರಲ್ಲಿ, ಬೀದಿಯಲ್ಲಿ ನಿಂತ, ಹರಿದ ನೀರಿನ 171 ಮಾದರಿಗಳ ಪೈಕಿ 51ರಲ್ಲಿ ಎನ್‌ಡಿಎಂ-1 ಎಂಬ ನಿರೋಧಕ ಜೀನ್ ಸಿಕ್ಕಿತ್ತು. ನಲ್ಲಿಯ ನೀರೇ ಹೀಗಿದ್ದರೆ ಗಾಡಿಯ ಬಕೆಟ್ ಏನು ಮಾಡೀತು? ನಿರೋಧಕ ಗುಣ ಹರಡುವುದರಲ್ಲಿ ಕೋಳಿ ಸಾಕಣೆಯ ಪಾಲೂ ಇದೆ. ವೈದ್ಯರು ಕೊನೆಯ ಅಸ್ತ್ರವಾಗಿ ಉಳಿಸಿಕೊಂಡಿರುವ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ಭಾರತ ನಿಷೇಧಿಸಿದ್ದು 2019ರಲ್ಲಷ್ಟೇ.